ಪಕ್ಕದ ಸೀಟಿನವಳು

ನನ್ನ ಅಕ್ಕನಿಗೆ ಜೀವನದಲ್ಲಿ ಗೆಳತಿ ಎಂದು ಇದ್ದವಳು ಒಬ್ಬಳೇ. ಆ ಒಬ್ಬಳನ್ನೂ ಒಂದು ಮೊಬೈಲ್ ಫೋನಿನ ಇನ್ಶೂರೆನ್ಸ್ ಕ್ಲೇಮು ನುಂಗಿಹಾಕಿತು. ಹೀಗೆಂದರೆ ಕೇಳಿದವರು ನಗುತ್ತಾರೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿ ನೋಡಿದ್ದೇನೆ. ಗಣಿತದ ಮೇಷ್ಟ್ರು "ಕ್ಲೇಮು ಪಾಸಾಯಿತಾ ಇಲ್ಲವಾ, ಅದನ್ನು ಹೇಳಿ ಟೀಚರ್" ಎಂದರು. ಪಾಸಾಯಿತು. ತೊಂದರೆಯಾದದ್ದೇ ಅಲ್ಲಿ.

ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಎರ್ಮಾಳಿನಲ್ಲಿ, ಕಡಲಿನ ಬದಿಗೆ. ಮನೆಯಲ್ಲಿ ಇರುವುದು ಅಕ್ಕ ಮತ್ತು ನಾನು. ಅಕ್ಕ ನನಗಿಂತ ಎಷ್ಟೋ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಮೀನು ಮಾರಿ ನನ್ನನ್ನು ಓದಿಸಿದವಳು ಅವಳು. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವಳದ್ದೊಂದು ಆಗಲಿ" ಎನ್ನುತ್ತಿದ್ದಳು. ನನ್ನದೂ ಆಗಲಿಲ್ಲ, ಅವಳದ್ದೂ ಆಗಲಿಲ್ಲ. ಅದಕ್ಕಾಗಿ ನಾವಿಬ್ಬರೂ ಕೂತು ಅತ್ತದ್ದೇನೂ ಇಲ್ಲ. ಇಬ್ಬರದ್ದೂ ಬಾಯಿ ಜೋರು, ಇವರನ್ನು ಇವರೇ ತಡೆದುಕೊಳ್ಳಬೇಕು ಎಂದು ನೆರೆಕರೆಯವರು ಹೇಳುತ್ತಿದ್ದರು.

ಅಕ್ಕ ಬೆಳಕು ಹರಿಯುವ ಮೊದಲೇ ಮಲ್ಪೆ ಬಂದರಿಗೆ ಹೋಗಿ, ಏಲಂನಲ್ಲಿ ಮೀನು ಹಿಡಿದು, ಬೇರೆ ಹೆಂಗಸರೊಟ್ಟಿಗೆ ಟೆಂಪೋ ಮಾಡಿಕೊಂಡು ಕಾರ್ಕಳದ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಅಷ್ಟು ದೂರ ಯಾಕೆ, ಕಾಪುವಿನಲ್ಲೇ ಕೂತು ಮಾರಬಾರದಾ ಎಂದು ಕೇಳಿದರೆ, "ಕಡಲಿನ ಬದಿಯವರಿಗೆ ಮೀನು ಮಾರುವುದೆಂದರೆ ದಿನಾ ಜಗಳ ಮಾರಾಯ್ತಿ. ಕಣ್ಣು ನೋಡ್ತಾರೆ, ಕಿವಿರು ಎತ್ತಿ ನೋಡ್ತಾರೆ, ಮತ್ತೆ ಅರ್ಧ ರೇಟಿಗೆ ಕೇಳ್ತಾರೆ. ಕಾರ್ಕಳದವರಿಗೆ ಮೀನು ಕಂಡರೆ ಮರ್ಯಾದೆ ಉಂಟು" ಎನ್ನುತ್ತಿದ್ದಳು. ಕಾರ್ಕಳದವರೂ ಏನೂ ಕಡಿಮೆಯಲ್ಲ ಎಂಬುದು ಸಂಜೆ ಅವಳು ಮನೆಗೆ ಬಂದು ಬೈಯುವುದರಲ್ಲಿ ಗೊತ್ತಾಗುತ್ತಿತ್ತು.

ಗೆಳತಿ ಎಂದೆನಲ್ಲ, ಅವಳು ಅದೇ ಮಾರ್ಕೆಟ್ಟಿನಲ್ಲಿ ಅಕ್ಕನ ಪಕ್ಕ ಕತ್ತಿ ಹಿಡಿದು ಕೂತು, ಗಿರಾಕಿಗಳು ಕೊಂಡ ಮೀನನ್ನು ಕ್ಲೀನ್ ಮಾಡಿಕೊಡುತ್ತಿದ್ದವಳು. ಊರು ಬಾಗಲಕೋಟೆಯ ಕಡೆ. ಆದರೆ ನಮ್ಮವರಿಗೆ ಆ ಕಡೆಯಿಂದ ಬಂದವರೆಲ್ಲ ಬಿಜಾಪುರದವರೇ. ಹಾಗಾಗಿ ಅವಳು ಬಿಜಾಪುರದವಳು ಎಂದೇ ಆಗಿಹೋದಳು. ಗಂಡನೊಟ್ಟಿಗೆ ಮಣಿಪಾಲಕ್ಕೆ ಕಟ್ಟಡದ ಕೆಲಸಕ್ಕೆ ಬಂದಿದ್ದಳಂತೆ. ಊರಿಗೆ ಹೋಗಿಬರುತ್ತೇನೆ ಎಂದು ಹೊರಟ ಗಂಡ ಹೋದದ್ದೇ. ಸಿಮೆಂಟು ಹೊತ್ತು ಸೊಂಟ ಬಿದ್ದ ಮೇಲೆ ಇವಳು ಯಾರದೋ ಮಾತು ಕೇಳಿ ಮಾರ್ಕೆಟ್ಟಿಗೆ ಬಂದು, ಅಕ್ಕನ ಎದುರು ನಿಂತು "ಅಕ್ಕಾರ, ಮೀನ ಹೆಂಗ ಹೆಚ್ಚತಾರ್ರಿ?" ಎಂದು ಕೇಳಿದ್ದಳು. ಮನೆಯಲ್ಲಿ ಮೀನೇ ಮುಟ್ಟದವರ ಮಗಳು. ಮೊದಲ ಬೂತಾಯಿ ಮೀನಿನ ಹೊಟ್ಟೆ ಸೀಳಿದವಳೇ ಹೊರಗೆ ಓಡಿ ವಾಂತಿ ಮಾಡಿಕೊಂಡಳಂತೆ. ಅಕ್ಕ ಬಾಯಿ ತೊಳೆಯಲು ನೀರು ಕೊಟ್ಟು, ಇನ್ನೊಂದು ಬೂತಾಯಿಯನ್ನು ಕೈಗಿಟ್ಟಳು.

ಆಮೇಲೆ ಅವರಿಬ್ಬರದ್ದು ಒಂದೇ ಬುತ್ತಿ, ಒಂದೇ ಚಹಾ, ಮನೆಗೆ ಬರುವ ಒಂದೇ ಬಸ್ಸು. ಅವಳಿಗೆ ಕಾಪುವಿನಲ್ಲಿ ಬಾಡಿಗೆ ಕೋಣೆ ಇತ್ತು. ಕಾರ್ಕಳದಿಂದ ಪಡುಬಿದ್ರಿಯ ತನಕ ಅಕ್ಕ ಕಿಟಕಿಯ ಬದಿ, ಅವಳು ಪಕ್ಕದಲ್ಲಿ. ಬೆಳ್ಮಣ್ ದಾಟುವುದರೊಳಗೆ ಅಕ್ಕ ಅವಳ ಹೆಗಲಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಳು. ಶಾಲೆಯ ಕೆಲಸಕ್ಕೆಂದು ಕಾರ್ಕಳಕ್ಕೆ ಹೋಗಿದ್ದ ಒಂದು ದಿನ ನಾನೂ ಅದೇ ಬಸ್ಸಿನಲ್ಲಿ ಬಂದೆ. ಅಕ್ಕ ನನಗೊಂದು ಮಾತು ಹೇಳಿ, ಹೋಗಿ ತನ್ನ ಮಾಮೂಲಿ ಜಾಗದಲ್ಲಿ ಅವಳೊಟ್ಟಿಗೆ ಕೂತಳು. ನಾನು ಹಿಂದಿನ ಸೀಟಿನಲ್ಲಿ ಯಾರದೋ ಅಕ್ಕಿಮೂಟೆ ತಬ್ಬಿಕೊಂಡು ಬಂದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ವಸ್ತು ಏನೇ ಕಾಣೆಯಾದರೂ ಮೊದಲು ನೆನಪಾಗುವುದು ಕೊರಗಜ್ಜ ದೈವ. ಪೊಲೀಸರೆಲ್ಲ ಆಮೇಲೆ. "ಅಜ್ಜಾ, ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಡ್ತೇನೆ" ಎಂದು ಹರಕೆ ಹೇಳಿಕೊಂಡರೆ ಕಳೆದದ್ದು ಸಿಗುತ್ತದೆ ಎಂದು ನಂಬಿಕೆ. ನಾನೂ ನಂಬುತ್ತೇನೆ, ಈಗಲೂ. ಅಕ್ಕನದ್ದು ಆ ವರ್ಷಗಳಲ್ಲಿ ಹರಕೆಯ ಮೇಲೆ ಹರಕೆ. ಬೀಗದ ಕೈ ಕಾಣೆ. ಹರಕೆ ಹೇಳಿದಳು, ಬಾವಿಕಟ್ಟೆಯ ಮೇಲೆ ಸಿಕ್ಕಿತು. ಕನ್ನಡಕ ಕಾಣೆ; ಹರಕೆ, ಫ್ರಿಜ್ಜಿನೊಳಗೆ ಸಿಕ್ಕಿತು. ಕಿವಿಯ ಬೆಂಡೋಲೆ ತುಳಸಿಕಟ್ಟೆಯ ದೀಪದ ಗೂಡಿನಲ್ಲಿ, ಮೀನಿನ ತಕ್ಕಡಿಯ ಬಟ್ಟು ನನ್ನ ಶಾಲೆಯ ಚೀಲದಲ್ಲಿ. ಪ್ರತಿಸಲ ಸಿಗುತ್ತಿತ್ತು. ಪ್ರತಿಸಲ ಅಕ್ಕ ಮಿಂದು ಸೀರೆ ಉಟ್ಟು ಚಕ್ಕುಲಿಯ ಕಟ್ಟು ಹಿಡಿದು ಗುಡಿಗೆ ಹೋಗಿ ಬರುತ್ತಿದ್ದಳು. ನೆರೆಮನೆಯವರು "ನಿಮ್ಮ ಮೇಲೆ ಅಜ್ಜನಿಗೆ ಎಂಥ ಪ್ರೀತಿ" ಎನ್ನುತ್ತಿದ್ದರು, ಅಕ್ಕ ಹಿಗ್ಗುತ್ತಿದ್ದಳು. ಸಿಗುವುದನ್ನೇ ನೋಡುತ್ತಾ ಕೂತ ನಾವು, ಇಷ್ಟೊಂದು ಕಳೆಯುವುದು ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಫೋನು ತೆಗೆದುಕೊಟ್ಟದ್ದು ನಾನು. ಕಾರ್ಕಳದ ಗಿರಾಕಿಗಳೂ ಮೊಬೈಲಿನಲ್ಲೇ ದುಡ್ಡು ಹಾಕತೊಡಗಿದ್ದರು. ಬೋರ್ಡನ್ನು ಸ್ಕ್ಯಾನ್ ಮಾಡಿ "ಹಾಕಿದೆ ಹಾಕಿದೆ" ಎನ್ನುತ್ತಾ ಹೋಗುತ್ತಿದ್ದವರನ್ನು ಅಕ್ಕ ನಂಬುತ್ತಿರಲಿಲ್ಲ. ಉಡುಪಿಯ ಒಂದು ಅಂಗಡಿಯಲ್ಲಿ ಒಳ್ಳೆಯದೇ ಒಂದನ್ನು ತೆಗೆದೆವು. ಕೌಂಟರಿನ ಯುವಕ ಅದಕ್ಕೊಂದು ಇನ್ಶೂರೆನ್ಸೂ ಅಂಟಿಸಿದ. ಫೋನಿಗೂ ಎಟಿಎಂ ಕಾರ್ಡಿಗೂ ಸೇರಿ ಒಂದೇ ಪ್ಲಾನಂತೆ. "ಇನ್ನು ನಿಮಗೆ ಟೆನ್ಶನ್ನೇ ಇಲ್ಲ ಅಮ್ಮ" ಎಂದ. ಅಕ್ಕನಿಗೆ ಖುಷಿಯೋ ಖುಷಿ. ಮನೆಗೆ ಬಂದವಳೇ ಎಟಿಎಂ ಕಾರ್ಡನ್ನು ಫೋನಿನ ಮಡಚುವ ಕವರಿನೊಳಗೆ ತುರುಕಿ, ಕಾರ್ಡಿನ ಬೆನ್ನಿಗೆ ಅದರ ಪಿನ್ ನಂಬರನ್ನು ದಪ್ಪ ಮಾರ್ಕರಿನಲ್ಲಿ ಬರೆದಳು.

"ಕಳ್ಳನಿಗೆ ಕಷ್ಟ ಆಗಬಾರದು ಅಂತಲಾ?" ಎಂದೆ.

"ನನಗೆ ಕಷ್ಟ ಆಗಬಾರದು ಅಂತ" ಎಂದಳು. ಆಗ ನಕ್ಕೆ. ಆ ನಂಬರು ಅವಳಿಗೆ ನೆನಪಿರುತ್ತಿರಲಿಲ್ಲ ಎಂಬುದನ್ನು ಅವಳು ಹೇಳಿಯೇ ಹೇಳಿದ್ದಳು, ನಾನು ತಮಾಷೆಯೆಂದುಕೊಂಡೆ.

ಮಳೆ ಮುಗಿದು ಬೋಟುಗಳು ಚೆನ್ನಾಗಿ ಹೋಗುತ್ತಿದ್ದ ಕಾಲ. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಅಕ್ಕ ಜಗುಲಿಯಲ್ಲಿ ಬುಟ್ಟಿ ಕವುಚಿಹಾಕಿ ಕೂತಿದ್ದಳು. ಫೋನಿಲ್ಲ, ಒಳಗಿದ್ದ ಕಾರ್ಡೂ ಇಲ್ಲ. ನನ್ನ ಫೋನಿನಿಂದ ಮಾಡಿದರೆ ಸ್ವಿಚ್ ಆಫ್. ಮನೆಯೆಲ್ಲ ಜಾಲಾಡಿದೆವು. ಮರುದಿನ ನಾನು ರಜೆ ಹಾಕಿ ಅವಳೊಟ್ಟಿಗೆ ಕಾರ್ಕಳಕ್ಕೆ ಹೋದೆ. ಬಿಜಾಪುರದವಳು ವಿಷಯ ಕೇಳಿದವಳೇ ಸೀರೆ ಎತ್ತಿ ಕಟ್ಟಿ, ಮೀನಿನ ಕರುಳು ರೆಕ್ಕೆಗಳನ್ನು ಎಸೆಯುವ ಡ್ರಮ್ಮನ್ನೇ ನೆಲಕ್ಕೆ ಸುರುವಿ, ಬರಿಗೈಯಲ್ಲಿ ಕೆದಕಿ ಹುಡುಕಿದಳು. ನಾನು ಮೂಗು ಮುಚ್ಚಿಕೊಂಡು ನಿಂತಿದ್ದೆ.

"ನಿನ್ನೆ ಐಸಿನ ನೀರಾಗ ಬಿದ್ದಿತ್ತಲ್ರಿ ಫೋನು" ಎಂದಳು ನನಗೆ. "ಮನಿಗೆ ಹೋಗಿ ಅಕ್ಕಿಯಾಗ ಹುಗದು ಇಡ್ರಿ, ಒಣಗತೈತಿ ಅಂತ ಬಸ್ಸಿನಾಗ ನಾನ ಹೇಳಿದ್ದೆ. ಅಕ್ಕಿ ಡಬ್ಬಿ ನೋಡಿದಿರೇನು?"

"ನನ್ನ ಫೋನ್ ಎಲ್ಲಿ ಒದ್ದೆಯಾಗಿತ್ತು? ಇವಳಿಗೆ ಎಂತದೋ ಮರುಳು" ಎಂದಳು ಅಕ್ಕ. ಮನೆಗೆ ಬಂದು ಅಕ್ಕಿಯ ಡಬ್ಬವನ್ನೂ ಮಗುಚಿ ನೋಡಿದೆವು. ಅಕ್ಕಿ ಮಾತ್ರ ಇತ್ತು. ಅಕ್ಕನ ಹರಕೆ ಚಕ್ಕುಲಿಯಿಂದ ಏರುತ್ತಾ ಏರುತ್ತಾ ಅಜ್ಜನಿಗೆ ರಾತ್ರಿಯಿಡೀ ಕೋಲದ ಸೇವೆ ಕೊಡಿಸುವವರೆಗೆ ಹೋಯಿತು. ಈ ಸಲ ಅಜ್ಜ ಮಾತಾಡಲಿಲ್ಲ.

ಕಾಪುವಿನ ಬ್ಯಾಂಕಿಗೆ ಹೋಗಿ ಕಾರ್ಡು ಬ್ಲಾಕ್ ಮಾಡಿಸಿದೆವು. ಅಲ್ಲಿದ್ದವರು ಕಂಪ್ಯೂಟರ್ ನೋಡಿ, ಖಾತೆಯಿಂದ ಏನೂ ಹೋಗಿಲ್ಲ ಎಂದರು. ಪಿನ್ ನಂಬರು ಕಾರ್ಡಿನ ಮೇಲೇ ಬರೆದಿತ್ತು ಎಂದಾಗ ಅವರು ನನ್ನ ಮುಖ ನೋಡಿದರು. "ಹಾಗಾದರೆ ತುಂಬಾ ಮರ್ಯಾದಸ್ಥ ಕಳ್ಳ ಮೇಡಂ" ಎಂದರು. ಆ ಮಾತಿಗೂ ನಾನು ನಕ್ಕುಬಿಟ್ಟೆ. ನಗು ಬಂದಲ್ಲೆಲ್ಲ ಒಂಚೂರು ನಿಂತು ಯೋಚಿಸುವ ಬುದ್ಧಿ ನನಗೆ ದೇವರು ಕೊಟ್ಟಿಲ್ಲ.

ಆಮೇಲೆ ಉಡುಪಿಯ ಅಂಗಡಿ. ಟೆನ್ಶನ್ನೇ ಇಲ್ಲ ಎಂದಿದ್ದ ಅದೇ ಯುವಕ. "ಎಲ್ಲಿ ಹೋಯ್ತು ಅಂತ ಗೊತ್ತಿಲ್ಲ ಮಗಾ, ಎಲ್ಲೋ ಬಿಟ್ಟೆ ಕಾಣ್ತದೆ" ಎಂದು ಅಕ್ಕ ಶುರುಮಾಡಿದಳು. ಅವನು ಕೈ ಅಡ್ಡ ಹಿಡಿದ. "ಅಮ್ಮ, ಹಾಗೆ ಹೇಳ್ಬೇಡಿ. ಕಳೆದುಹೋದದ್ದಕ್ಕೆ ಕ್ಲೇಮ್ ಇಲ್ಲ. ಕದ್ದದ್ದಕ್ಕೆ ಉಂಟು. ಬಸ್ಸಿನಲ್ಲಿ ರಶ್ ಇತ್ತು, ಚೀಲದಿಂದ ಯಾರೋ ಎಳೆದರು, ಇಳಿದ ಮೇಲೆ ಗೊತ್ತಾಯ್ತು. ಅಷ್ಟೇ. ಎಲ್ಲರೂ ಹಾಗೆಯೇ ಮಾಡುವುದು."

ಅಕ್ಕ ನನ್ನನ್ನು ನೋಡಿದಳು. ಫೋನಿನ ಕಂತೇ ಇನ್ನೂ ಮುಗಿದಿರಲಿಲ್ಲ. ಇರಬಹುದು, ನಿಜವಾಗಿಯೂ ಕದ್ದೇ ಇರಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಠಾಣೆಯಲ್ಲಿ ಇದರ ಉಲ್ಟಾ. ಅಲ್ಲಿಯವರಿಗೆ ಕಳವು ಬೇಡ, ಕಳೆದುಹೋದದ್ದಾದರೆ ಅಡ್ಡಿಯಿಲ್ಲ. "ಕದ್ದದ್ದು ಅಂತ ಬರೆದರೆ ಕೇಸಾಗ್ತದೆ, ನಿಮಗೂ ತಿರುಗಾಟ, ನಮಗೂ ತಿರುಗಾಟ. ಬಿದ್ದುಹೋಯ್ತು ಅಂತ ಬರೆಯಿರಿ" ಎಂದರು. ಇನ್ಶೂರೆನ್ಸಿನವರಿಗೆ ಕಳವೇ ಬೇಕು ಎಂದೆ. ಇಬ್ಬರ ಮಧ್ಯೆ ಅಕ್ಕ ಬೆಂಚಿನ ಮೇಲೆ ಕೂತು, ಪರೀಕ್ಷೆಗೆ ಬಂದವಳ ಹಾಗೆ ತುಟಿ ಅಲ್ಲಾಡಿಸುತ್ತಾ ಆ ಯುವಕ ಹೇಳಿಕೊಟ್ಟ ಮಾತುಗಳನ್ನು ಒಪ್ಪಿಸಿ ನೋಡುತ್ತಿದ್ದಳು. ಬಸ್ಸಿನಲ್ಲಿ ರಶ್ ಇತ್ತು. ಚೀಲದಿಂದ ಎಳೆದರು. ಇಳಿದ ಮೇಲೆ ಗೊತ್ತಾಯಿತು. ಕಡೆಗೆ ಕಳವೆಂದೇ ಬರೆದುಕೊಂಡರು.

ನಿಜವಾದ ಕಾಟ ಶುರುವಾದದ್ದು ಕಂಪೆನಿಯ ಫೋನುಗಳಿಂದ. ಪರಿಶೀಲನೆಯಂತೆ. ಒಂದು ದಿನ ಒಬ್ಬಳು, ಇನ್ನೊಂದು ದಿನ ಇನ್ನೊಬ್ಬಳು, ಎಲ್ಲರೂ ನಯವಾಗಿ, ಎಲ್ಲರೂ ಮೊದಲಿನಿಂದ ಕೇಳುತ್ತಿದ್ದರು. ಎಲ್ಲಿಂದ ಹತ್ತಿದಿರಿ, ಎಲ್ಲಿ ಇಳಿದಿರಿ, ಚೀಲ ಯಾವ ಕೈಯಲ್ಲಿತ್ತು, ಪಕ್ಕದ ಸೀಟಿನಲ್ಲಿ ಯಾರಿದ್ದರು. ಫೋನು ಬರುತ್ತಿದ್ದದ್ದು ನನ್ನ ಮೊಬೈಲಿಗೆ. ಕೊಟ್ಟರೆ ಅಕ್ಕ ಎದ್ದು ನಿಂತು ಮಾತಾಡುತ್ತಿದ್ದಳು. ತಪ್ಪು ಹೇಳಿದರೆ ಆ ಹುಡುಗಿಯರು ಬೈಯುತ್ತಾರೆಂದು ಅವಳಿಗೆ ಹೆದರಿಕೆ. ಮೀನು ತೊಳೆಯುವಾಗ, ಬಟ್ಟೆ ಒಗೆಯುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದಳು. ನಾನು ಕಲಿಸುವವಳು, ಬಾಯಿಪಾಠ ಹೇಗಾಗುತ್ತದೆ ಎಂದು ನನಗೆ ಗೊತ್ತು. ಮಕ್ಕಳಿಗೆ ಅರ್ಥವಾಗಲಿ ಬಿಡಲಿ, ಕೇಳುತ್ತಾ ಇರಬೇಕು, ಹೇಳಿಸುತ್ತಾ ಇರಬೇಕು, ಒಂದು ದಿನ ಅದು ಒಳಗೆ ಹೋಗಿ ಕೂರುತ್ತದೆ. ಕಂಪೆನಿಯವರು ಅದನ್ನೇ ಮಾಡಿದರು.

ಮೊದಮೊದಲು ಪಕ್ಕದ ಸೀಟಿನಲ್ಲಿ "ಯಾರೋ ಗೊತ್ತಿಲ್ಲದ ಹೆಂಗಸು" ಇದ್ದಳು. ಸ್ವಲ್ಪ ದಿನ ಕಳೆದ ಮೇಲೆ ಆ ಹೆಂಗಸು ಹಸಿರು ಬಳೆ ತೊಟ್ಟಳು. ಅದಾದ ಮೇಲೆ ಅವಳ ಕೈ ಮೀನಿನ ವಾಸನೆ ಹೊಡೆಯತೊಡಗಿತು. ಅಕ್ಕ ಕಥೆ ಕಟ್ಟುವುದರಲ್ಲಿ ಜಾಣೆಯಾಗಿದ್ದಾಳೆ ಎಂದು ನಾನು ಬಚ್ಚಲಲ್ಲಿ ನಿಂತು ನಕ್ಕದ್ದುಂಟು. ಅವಳು ಕಥೆ ಕಟ್ಟುತ್ತಿರಲಿಲ್ಲ. ನೆನಪು ಮಾಡಿಕೊಳ್ಳುತ್ತಿದ್ದಳು. ಪಕ್ಕದ ಸೀಟು ಎಂದರೆ ಅವಳ ತಲೆಯಲ್ಲಿದ್ದ ಮುಖ ಒಂದೇ ಒಂದು.

ಕಂಪೆನಿಯಿಂದ ಒಬ್ಬರು ಮನೆಗೇ ವಿಚಾರಣೆಗೆ ಬಂದ ದಿನ ನಾನು ಶಾಲೆಯಲ್ಲಿದ್ದೆ. ಅವರಿಗೆ ಅಕ್ಕ ಎಳನೀರು ಕೊಟ್ಟು, ಕುರ್ಚಿ ಹಾಕಿ ಕೂರಿಸಿ, ಕೇಳಿದ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟಳು. ಪಕ್ಕದಲ್ಲಿ ಕೂತಿದ್ದವಳು ನಮ್ಮ ಬಿಜಾಪುರದವಳು. ತಾನು ಮಲಗಿದ್ದಾಗ ಚೀಲಕ್ಕೆ ಕೈ ಹಾಕಿದಳು. ಹೆಸರು ಇಂಥದ್ದು, ಕೋಣೆ ಕಾಪುವಿನಲ್ಲಿ ಇಂಥ ಕಡೆ.

ಸಂಜೆ ನನಗೆ ಇದನ್ನು ಹೇಳಿದಾಗ ಅವಳ ಮುಖದಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. "ಅಕ್ಕ, ಅದು ಅಂಗಡಿಯ ಹುಡುಗ ಹೇಳಿಕೊಟ್ಟದ್ದು. ನಿನಗೆ ನೆನಪಿಲ್ಲವಾ?" ಎಂದು ಕೂಗಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ನಾನು ಅವಳಿಗೆ ಅನ್ನ ಹಾಕಿದವಳು. ನನಗೇ ಹೀಗೆ ಮಾಡಿದಳಲ್ಲ, ಅದನ್ನು ಹೇಗೆ ಮರೆಯಲಿ?" ಎಂದಳು. ಅಷ್ಟು ವರ್ಷ ಅವಳು ಕಳೆದುಕೊಂಡದ್ದೆಲ್ಲ ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದು ನಿಂತಿತು.

ಕ್ಲೇಮು ಪಾಸಾಯಿತು. ಹೊಸ ಫೋನು ಬಂತು. ಕಂಪೆನಿಯವರಿಂದ ಹೆಸರು ತಿಳಿದ ಠಾಣೆಯವರು ಬಿಜಾಪುರದವಳನ್ನು ಕರೆಸಿ ಬೆಳಿಗ್ಗೆಯಿಂದ ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿದರು. ನಾನು ಓಡಿಹೋಗಿ, ಅಕ್ಕನಿಗೆ ಮರೆವು, ಇವಳದ್ದೇನೂ ಇಲ್ಲ ಎಂದು ಬೇಡಿಕೊಂಡೆ. ಬಿಟ್ಟರು. ಆದರೆ ಠಾಣೆಯಲ್ಲಿ ಕೂತು ಬಂದವಳನ್ನು ಊರು ಬಿಡುತ್ತದೆಯೇ? ಕೋಣೆಯ ಮಾಲೀಕರು ಬೇರೆ ಜಾಗ ನೋಡಿಕೋ ಎಂದರು. ಮಾರ್ಕೆಟ್ಟಿನಲ್ಲಿ "ಆ ಕಡೆಯವರೇ ಹಾಗೆ" ಎಂದವರು, ನಿನ್ನೆಯವರೆಗೂ ಅವಳ ಕೈಯಲ್ಲೇ ಮೀನು ಕ್ಲೀನ್ ಮಾಡಿಸಿಕೊಂಡವರು. ಅವಳು ಕಾರ್ಕಳದಲ್ಲೇ ಒಂದು ಕೋಣೆ ಹಿಡಿದು, ಮಾರ್ಕೆಟ್ಟಿನ ಆ ಕೊನೆಗೆ ಹೋಗಿ ಕೂತಳು. ಅಕ್ಕ ಅಲ್ಲಿಗೂ ಹೋಗಿ ಜನರ ಎದುರು "ನನ್ನ ಫೋನ್ ಕೊಡು" ಎಂದು ಕೈ ಚಾಚಿದಳಂತೆ. ಅವಳು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ತನ್ನ ಹಳೆಯ ಬಟನ್ ಫೋನನ್ನೇ ಎತ್ತಿ ಅಕ್ಕನ ಕೈಗಿಟ್ಟಳಂತೆ. ಅದನ್ನು ನೋಡಿದವರು ಕದ್ದದ್ದು ನಿಜವೆಂದೇ ತಿಳಿದರು. ಅಕ್ಕ ಕಾರ್ಕಳಕ್ಕೆ ಹೋದದ್ದು ಅದೇ ಕೊನೆ.

ಮಾವಿನ ಮಿಡಿಯ ಕಾಲದಲ್ಲಿ ಉಪ್ಪಿನಕಾಯಿ ಹಾಕೋಣವೆಂದು ನಾನು ಅಟ್ಟದ ಕೆಳಗಿದ್ದ ಕಲ್ಲುಪ್ಪಿನ ಭರಣಿಗೆ ಕೈ ಹಾಕಿದೆ. ಕೈಗೆ ಬಟ್ಟೆಯ ಗಂಟೊಂದು ತಾಗಿತು. ಬಿಚ್ಚಿದರೆ ಫೋನು, ಕವರು, ಕಾರ್ಡು. ಕಾರ್ಡಿನ ಬೆನ್ನಿಗೆ ಮಾರ್ಕರಿನ ನಂಬರು ಹಾಗೇ ಇತ್ತು.

ನಾನು ಅಡುಗೆಮನೆಯ ನೆಲದಲ್ಲೇ ಕೂತುಬಿಟ್ಟೆ. ಆವತ್ತು ಬಸ್ಸಿನಲ್ಲಿ ಅವಳು ಅಕ್ಕಿಯಲ್ಲಿ ಇಡಿ ಎಂದಿದ್ದಳು. ಅಕ್ಕ ಹುಟ್ಟಿದಂದಿನಿಂದ ಮೀನು ಒಣಗಿಸಿದವಳು. ಒದ್ದೆಯಾದದ್ದರ ನೀರು ಎಳೆಯಬೇಕೆಂದರೆ ಅವಳಿಗೆ ಗೊತ್ತಿದ್ದದ್ದು ಉಪ್ಪು. ಅಕ್ಕಿ ಎಂಬ ಮಾತು ಮರೆತುಹೋಗಿ, ಒಣಗಿಸಬೇಕು ಎಂಬುದಷ್ಟೇ ಉಳಿದು, ಜೋಪಾನವಾಗಿ ಸ್ವಿಚ್ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ, ಬಂಗುಡೆ ಮೀನನ್ನು ಇಟ್ಟ ಹಾಗೆ ಫೋನನ್ನು ಉಪ್ಪಿನಲ್ಲಿ ಹೂತಿಟ್ಟಿದ್ದಳು. ಆಮೇಲೆ ಅದೂ ಮರೆತುಹೋಗಿತ್ತು. ನನಗೆ ಅಳು ಬಂತು. ಎಷ್ಟು ಮುತುವರ್ಜಿಯಿಂದ ಕಟ್ಟಿದ್ದಳು ಆ ಗಂಟು.

ಫೋನು ತೆಗೆದುಕೊಂಡು ಹೋಗಿ ಅಕ್ಕನ ಮುಂದೆ ಹಿಡಿದೆ. ಅವಳು ತುಂಬಾ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೋಡಿದಿಯಾ" ಎಂದಳು. "ಹೆದರಿ ತಂದು ಇಟ್ಟು ಹೋಗಿದ್ದಾಳೆ ಕಳ್ಳಿ."

ಅಂಗಡಿಯ ಯುವಕ "ಸಿಕ್ಕಿದ್ದು ಯಾರಿಗೂ ಹೇಳ್ಬೇಡಿ ಮೇಡಂ, ನನ್ನ ಕೆಲಸ ಹೋಗ್ತದೆ" ಎಂದು ಗೋಗರೆದ. ನಾನು ಕಂಪೆನಿಗೆ ಬರೆದು ಅವರು ಕೊಟ್ಟದ್ದನ್ನು ವಾಪಸು ಮಾಡಿದೆ, ಅವನ ಮಾತು ಎತ್ತಲಿಲ್ಲ. ಠಾಣೆಗೆ ಹೋಗಿ ಹೇಳಿದೆ. ಕಾರ್ಕಳದ ಮಾರ್ಕೆಟ್ಟಿಗೆ ಹೋಗಿ, ಉಪ್ಪು ಹತ್ತಿದ ಆ ಫೋನನ್ನು ಎತ್ತಿ ಹಿಡಿದು, ಪ್ರತಿ ಕಟ್ಟೆಯ ಎದುರೂ ನಿಂತು ಹೇಳಿದೆ. ಕೇಳಿದರು, "ಪಾಪ" ಎಂದರು, ತೂಕ ಮಾಡತೊಡಗಿದರು. ಬಿಜಾಪುರದವಳ ಕಾಲು ಮುಟ್ಟಲು ಹೋದರೆ "ಟೀಚರ್, ಮೀನಿನ ನೀರೈತ್ರಿ, ಸೀರಿ ಹೊಲಸಾಕ್ಕತಿ" ಎಂದು ಕಾಲು ಹಿಂದೆಳೆದುಕೊಂಡಳು.

ಮಣಿಪಾಲದ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಮರೆವು ಯಾವಾಗಿನಿಂದ ಎಂದು ಕೇಳಿದರು. ಗೊತ್ತಿಲ್ಲ ಎನ್ನಲು ಹೊರಟವಳು ಬೀಗದ ಕೈಯಿಂದ ಶುರುಮಾಡಿ ಕನ್ನಡಕ, ಬೆಂಡೋಲೆ, ಬಟ್ಟು ಎಂದು ಅಕ್ಕನ ಹರಕೆಗಳನ್ನೆಲ್ಲ ಹೇಳುತ್ತಾ ಹೋದೆ. ಡಾಕ್ಟರು ಬರೆದುಕೊಂಡರು. ಇದು ಹೋದದ್ದು ಹಿಂದಕ್ಕೆ ಬರುವ ಕಾಯಿಲೆಯಲ್ಲ, ಒಂದೊಂದಾಗಿ ಹೋಗುತ್ತದೆ, ಯಾವುದು ಮೊದಲು ಯಾವುದು ಕೊನೆಗೆ ಎಂದು ಹೇಳಲಾಗುವುದಿಲ್ಲ ಎಂದರು. ಅಕ್ಕ ಪಕ್ಕದಲ್ಲಿ ಕೂತು ಡಾಕ್ಟರ ಮೇಜಿನ ಪೇಪರ್‌ವೇಟನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದಳು.

ಡಾಕ್ಟರು ಹೇಳಿದ ಹಾಗೆಯೇ ಹೋಯಿತು. ಮೊದಲು ಮೀನಿನ ರೇಟುಗಳು ಹೋದವು, ಮತ್ತೆ ಕಾರ್ಕಳ ಹೋಯಿತು, ಬಸ್ಸಿನ ದಾರಿ ಹೋಯಿತು. ನೆರೆಮನೆಯವರು ಹೋದರು. ಅಮ್ಮ ತೀರಿಕೊಂಡದ್ದು ಮರೆತು ಅಮ್ಮನನ್ನು ಕರೆದಳು, ಮತ್ತೆ ಅಮ್ಮನನ್ನೂ ಕರೆಯಲಿಲ್ಲ. ಕಳೆದ ಮಳೆಗಾಲದ ಮೊದಲು ಒಂದು ಬೆಳಿಗ್ಗೆ ನಾನು ಅವಳಿಗೆ ತಲೆ ಬಾಚುತ್ತಿದ್ದಾಗ, ಕನ್ನಡಿಯಲ್ಲಿ ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ "ನಿಮಗೆ ಮನೆಯಲ್ಲಿ ಯಾರ್ಯಾರು ಇದ್ದಾರೆ?" ಎಂದು ಕೇಳಿದಳು. ಅಕ್ಕ ಇದ್ದಾಳೆ ಎಂದೆ. "ಒಳ್ಳೆಯದಾಯ್ತು" ಎಂದಳು. ನಾನು ಆವತ್ತು ಶಾಲೆಗೆ ಹೋಗಲಿಲ್ಲ. ಹೋದರೆ ಪಾಠ ಮಾಡಲು ಆಗುತ್ತಿರಲಿಲ್ಲ.

ಇಷ್ಟೆಲ್ಲ ಹೋದರೂ ಹೋಗದೆ ಉಳಿದದ್ದು ಒಂದು. ನಡೆಯದೇ ಇದ್ದ ಆ ಕಳವು. ಬಸ್ಸಿನಲ್ಲಿ ರಶ್ ಇತ್ತು, ಚೀಲದಿಂದ ಎಳೆದರು, ಇಳಿದ ಮೇಲೆ ಗೊತ್ತಾಯಿತು. ಅನ್ನ ಕಲಸುತ್ತಾ ಹೇಳುತ್ತಾಳೆ, ಮಲಗಿಕೊಂಡು ಹೇಳುತ್ತಾಳೆ. ನನ್ನನ್ನು ಓದಿಸಿದ ಅಷ್ಟು ವರ್ಷಗಳು ಅಳಿಸಿಹೋಗಿ, ಯಾರೋ ಕೌಂಟರಿನ ಹುಡುಗ ಚಹಾ ಕುಡಿಯುತ್ತಾ ಹೇಳಿಕೊಟ್ಟ ಸುಳ್ಳು ಹೇಗೆ ಉಳಿಯಿತು ಎಂದು ಯೋಚಿಸಿದರೆ ಮೈಯೆಲ್ಲ ಉರಿಯುತ್ತದೆ. ಯಾರನ್ನು ಬೈಯಬೇಕೆಂದೇ ತಿಳಿಯುವುದಿಲ್ಲ. ಬೈಯಲು ಜನ ಸಿಗದಿದ್ದರೆ ನನ್ನಂಥವಳಿಗೆ ಅದೂ ಒಂದು ಕಷ್ಟ.

ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಮಾರ್ಕೆಟ್ಟಿನಲ್ಲಿ ಕೆಲಸ ಕಡಿಮೆ. ಆ ಬಿಡುವಿನಲ್ಲಿ ಬಿಜಾಪುರದವಳು ನಮ್ಮ ಮನೆಗೆ ಬರತೊಡಗಿದಳು. ನಾನು ಕರೆದಿರಲಿಲ್ಲ, ಕರೆಯುವ ಮುಖ ನನಗಿರಲಿಲ್ಲ. ಮೊದಲ ಸಲ ಕೊಡೆ ಮಡಚಿ ಅಂಗಳದಲ್ಲಿ ನಿಂತವಳನ್ನು ಕಂಡದ್ದೇ, ಗೋಡೆ ನೋಡುತ್ತಾ ಕೂತಿರುತ್ತಿದ್ದ ಅಕ್ಕ ಎದ್ದು ನಿಂತಳು. ಸೆರಗನ್ನು ಎದೆಗೆ ಅವುಚಿಕೊಂಡಳು. "ಬಂದಳು ಕಳ್ಳಿ! ಚೀಲ ಒಳಗಿಡಿ, ಚೀಲ ಒಳಗಿಡಿ!" ಕಣ್ಣುಗಳಿಗೆ ಜೀವ ಬಂದಿತ್ತು. ಮಾರ್ಕೆಟ್ಟಿನ ಆ ಹಳೆಯ ಗಂಟಲು. ಉಂಡ ಬುತ್ತಿ, ಕುಡಿದ ಚಹಾ, ಹೆಗಲಿಗೆ ತಲೆ ಕೊಟ್ಟದ್ದು ಎಲ್ಲವನ್ನೂ ಒಂದೊಂದಾಗಿ ಎತ್ತಿ ಆಡಿ ಬೈದಳು. ಅವಳು ಜಗುಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತು, ತಂದಿದ್ದ ಸಿಗಡಿಯ ಸಿಪ್ಪೆ ಬಿಡಿಸುತ್ತಾ "ಹೂಂನ್ರಿ ಅಕ್ಕಾರ, ಹೌದ್ರಿ ಅಕ್ಕಾರ" ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಬೈದು ಸುಸ್ತಾದ ಅಕ್ಕ ಆ ಮಧ್ಯಾಹ್ನ ಅನ್ನ ಉಂಡಳು. ನನ್ನ ಕೈಯಲ್ಲಿ ಹಟ ಮಾಡಿ ಉಗಿಯುವವಳು ಬಟ್ಟಲು ಖಾಲಿ ಮಾಡಿದಳು.

ಅವಳು ಮತ್ತೆ ಬಂದಳು, ಮತ್ತೆ ಬಂದಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಅಂಗಳದಾಚೆಗೆ ಕರೆದುಕೊಂಡು ಹೋಗಿ ಹೇಳಿದೆ. "ಇನ್ನು ಬರಬೇಡ ನೀನು. ಅಷ್ಟು ದೂರದಿಂದ ಬಸ್ಸಿಗೆ ದುಡ್ಡು ಕೊಟ್ಟು ಬಂದು ಬೈಸಿಕೊಂಡು ಹೋಗುವುದು ಎಂತಕ್ಕೆ? ನೀನು ಕದ್ದಿಲ್ಲ ಅಂತ ಅವಳಿಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನನಗೆ ನೋಡಲಿಕ್ಕೆ ಆಗುವುದಿಲ್ಲ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಜಗುಲಿಯ ಕಡೆ ನೋಡಿದಳು. ಅಕ್ಕ ಕುತ್ತಿಗೆ ಉದ್ದ ಮಾಡಿ ಅವಳು ಎಲ್ಲಿಗೆ ಹೋದಳೆಂದು ಹುಡುಕುತ್ತಿದ್ದಳು.

"ನಿಮ್ಮನ್ನ ಗುರ್ತು ಹಿಡೀತಾರೇನ್ರಿ ಟೀಚರ್?" ಎಂದು ಕೇಳಿದಳು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ನನ್ನ ಹಿಡೀತಾರಲ್ರಿ" ಎಂದಳು. "ಕಳ್ಳಿ ಅಂತನಾದ್ರೂ ಹಿಡೀತಾರ. ಅಷ್ಟ ಸಾಕ್ರಿ ನನಗ."

ಅವಳು ಹೋಗಿ ಮತ್ತೆ ಮೆಟ್ಟಿಲಲ್ಲಿ ಕೂತಳು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಜಗುಲಿಯಿಂದ ಅಕ್ಕನ ಬೈಗುಳ ಕೇಳಿಸುತ್ತಿತ್ತು, ಗಟ್ಟಿಯಾಗಿ, ಮೊದಲಿನ ಹಾಗೆಯೇ. ಅದರಲ್ಲಿ ಒಂದನ್ನಾದರೂ ನನಗೆ ಬೈದಿದ್ದರೆ ಎಂದು ಆಸೆಯಾಯಿತು.